ತಮ್ಮ ದುಬೈ ಜೈಲಿನಲ್ಲಿ, ದೂರು ಕೊಡಬೇಕಾದ್ದು ರಾಣೆಬೆನ್ನೂರಿನಲ್ಲಿ

ಪ್ರಶ್ನೆ: ನನ್ನ ತಮ್ಮನಿಗೆ 26 ವರ್ಷ. ಗೆಳೆಯನನ್ನು ನೋಡಿ, ನಾಲ್ಕು ದಿನ ಸುತ್ತಾಡಿ ಬರ್ತೀನಿ ಅಂತ ಟೂರಿಸ್ಟ್ ವೀಸಾದಲ್ಲಿ ದುಬೈಗೆ ಹೋದ. ಹೊರಡುವ ಹಿಂದಿನ ದಿನ ನಮ್ಮ ಓಣಿಯ ಪರಿಚಯದವರೊಬ್ಬರು ಬಂದು, ‘ನಮ್ಮ ಹುಡುಗನಿಗೆ ಚಟ್ನಿಪುಡಿ, ಶೇಂಗಾ ಹೋಳಿಗೆ ಕೊಟ್ಟುಬಿಡಪ್ಪ’ ಅಂತ ಬಟ್ಟೆ ಅಂಗಡಿಯ ಕೈಚೀಲವೊಂದನ್ನು ಕೊಟ್ಟರು. ಅಮ್ಮ ಅದರೊಳಗಿನ ಡಬ್ಬಿಗಳನ್ನಷ್ಟೇ ತೆಗೆದು ಸೂಟ್‌ಕೇಸಿಗೆ ಇಟ್ಟರು. ದುಬೈ ವಿಮಾನ ನಿಲ್ದಾಣದಲ್ಲಿ ಚಟ್ನಿಪುಡಿ ಡಬ್ಬಿಯ ತಳದಲ್ಲಿ ಮಾತ್ರೆ ಸಿಕ್ಕವಂತೆ. ಆರು ದಿನದ ಮೇಲೆ ಒಂದೇ ಸಲ ಫೋನ್ ಮಾಡಿ ಅತ್ತ. ಇವತ್ತಿಗೆ 19 ದಿನ. ಚೀಲ ಕೊಟ್ಟವರು ‘ನಂಗೇನೂ ಗೊತ್ತಿಲ್ಲ’ ಅನ್ನುತ್ತಿದ್ದಾರೆ. ಹುಬ್ಬಳ್ಳಿಯ ಒಬ್ಬರು ‘ಆರು ಲಕ್ಷ ಕೊಡಿ, ಒಳಗೆ ನಮ್ಮವರಿದ್ದಾರೆ’ ಅಂತಾರೆ. ಸೋದರಮಾವ ಟಿವಿಯವರನ್ನು ಕರೆಸೋಣ ಅಂತಾರೆ. ಆ ಕೈಚೀಲದಲ್ಲಿ ಅಮ್ಮ ಈಗ ಈರುಳ್ಳಿ ಹಾಕಿಟ್ಟಿದ್ದಾರೆ, ಅದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ನಾವು ಮೊದಲು ಏನು ಮಾಡಬೇಕು?
— ಒಬ್ಬ ಅಕ್ಕ, ರಾಣೆಬೆನ್ನೂರು

ಉತ್ತರ: ನೋಡಿಯಮ್ಮಾ, ಮೊದಲ ಕೆಲಸ ದುಬೈನಲ್ಲಿಲ್ಲ, ನಿಮ್ಮೂರಿನ ಪೊಲೀಸ್ ಠಾಣೆಯಲ್ಲಿದೆ. ನಾನು ಮಂಗಳೂರಿನಲ್ಲಿ ವಕೀಲ. ಕೊಲ್ಲಿ ದೇಶಗಳ ಜೈಲಿನಿಂದ ಬಂದ ಕಾಗದ ಹಿಡಿದು ನನ್ನ ಮುಂದೆ ಕೂತ ಮನೆಯವರು ಬಹಳ ಜನ. ಹೆಚ್ಚುಕಡಿಮೆ ಎಲ್ಲರೂ ಒಂದೇ ತಪ್ಪು ಮಾಡಿರುತ್ತಾರೆ. ದೆಹಲಿಗೆ ಬರೆದಿರುತ್ತಾರೆ, ಮಂತ್ರಿಗಳ ಮನೆಗೆ ಹೋಗಿರುತ್ತಾರೆ, ಏಜೆಂಟನಿಗೆ ದುಡ್ಡೂ ಕೊಟ್ಟಿರುತ್ತಾರೆ. ‘ಇಲ್ಲಿ ದೂರು ಕೊಟ್ರಾ?’ ಅಂದರೆ, ‘ಸಿಕ್ಕಿದ್ದು ಅಲ್ಲಿ ಅಲ್ವಾ ಸಾರ್, ಇಲ್ಲೇನು ದೂರು?’ ಅಂತಾರೆ.

ಸಿಕ್ಕಿದ್ದು ಅಲ್ಲಿ, ಸರಿ. ಕೊಟ್ಟಿದ್ದು ಇಲ್ಲಿ. ‘ನನಗೆ ಗೊತ್ತಿರಲಿಲ್ಲ’ ಅಂತ ನಿಮ್ಮ ತಮ್ಮ ಅಲ್ಲಿನ ಕೋರ್ಟಿನಲ್ಲಿ ನೂರು ಸಲ ಹೇಳಬಹುದು. ಮಾದಕ ವಸ್ತು ಇಟ್ಟುಕೊಂಡು ಸಿಕ್ಕವರೆಲ್ಲ ಅದನ್ನೇ ಹೇಳುತ್ತಾರೆ. ಆ ಮಾತಿಗೆ ತೂಕ ಬರುವುದು, ಚೀಲ ಕೊಟ್ಟವನು ಯಾರು, ಯಾಕೆ ಕೊಟ್ಟ ಅಂತ ನಮ್ಮ ಪೊಲೀಸರು ತನಿಖೆ ಮಾಡಿ ಬರೆದ ಕಾಗದ ಆ ಫೈಲಿಗೆ ಸೇರಿದಾಗ.

ಕತಾರ್‌ನಲ್ಲಿ ನಡೆದದ್ದು ಹೇಳ್ತೀನಿ. 2019ರ ಜುಲೈಯಲ್ಲಿ ಮುಂಬೈನ ಒಂದು ದಂಪತಿ ದೋಹಾದಲ್ಲಿ ಇಳಿದರು. ಪ್ರವಾಸದ ಖರ್ಚೆಲ್ಲ ಗಂಡನ ಸೋದರತ್ತೆಯದು. ಜೊತೆಗೆ ಒಂದು ಪೊಟ್ಟಣವನ್ನೂ ಕೊಟ್ಟಿದ್ದಳು, ತಂಬಾಕು ಅಂತ ಹೇಳಿ. ಅದರಲ್ಲಿ ಇದ್ದದ್ದು 4 ಕಿಲೋಗೂ ಜಾಸ್ತಿ ಚರಸ್. ಇಬ್ಬರಿಗೂ 10 ವರ್ಷ ಶಿಕ್ಷೆಯಾಯಿತು. ಮೇಲ್ಮನವಿಯಲ್ಲೂ ಸೋತರು. ಹೆಂಡತಿಗೆ ಜೈಲಿನಲ್ಲೇ ಹೆರಿಗೆಯಾಯಿತು. ಈ ಕಡೆ ಮುಂಬೈನಲ್ಲಿ ಹೆಂಡತಿಯ ಅಪ್ಪ ಸುಮ್ಮನೆ ಕೂರಲಿಲ್ಲ. ಅತ್ತೆಯ ಜೊತೆ ಆಡಿದ ಫೋನ್ ಮಾತಿನ ರೆಕಾರ್ಡಿಂಗ್ ಇತ್ತು, ಅದನ್ನೆಲ್ಲ ಹಿಡಿದು ಪೊಲೀಸರ ಹತ್ತಿರ ಹೋದರು, ಎನ್‌ಸಿಬಿ ಹತ್ತಿರ ಹೋದರು. ಎನ್‌ಸಿಬಿ ಅಂದರೆ ನಮ್ಮ ಕೇಂದ್ರದ ಮಾದಕ ವಸ್ತು ನಿಯಂತ್ರಣ ಸಂಸ್ಥೆ. ಅವರ ತನಿಖೆಯಲ್ಲಿ ಈ ದಂಪತಿಗೆ ಏನೂ ಗೊತ್ತಿರಲಿಲ್ಲ ಅಂತ ಬಂತು, ಅತ್ತೆಯ ಬಂಧನವಾಯಿತು. ಆ ಕಾಗದ ರಾಯಭಾರ ಕಚೇರಿಯ ಮೂಲಕ ಕತಾರ್‌ಗೆ ಹೋಯಿತು. ಅಲ್ಲಿನ ಮೇಲಿನ ಕೋರ್ಟ್ ಪ್ರಕರಣವನ್ನು ಮತ್ತೆ ನೋಡಿ ಅಂತ ವಾಪಸ್ ಕಳಿಸಿತು. 2021ರ ಮಾರ್ಚ್‌ನಲ್ಲಿ ಖುಲಾಸೆ. ಏಪ್ರಿಲ್‌ನಲ್ಲಿ ಮಗುವನ್ನು ಎತ್ತಿಕೊಂಡು ಮುಂಬೈಗೆ ಬಂದರು.

2023ರಲ್ಲಿ ಶಾರ್ಜಾದಲ್ಲೂ ಇಂಥದೇ ಆಯಿತು. ಮುಂಬೈನ ಒಬ್ಬ ನಟಿಗೆ ಆಡಿಷನ್ ಇದೆ ಅಂತ ನಂಬಿಸಿ, ಕೈಗೆ ಒಂದು ಟ್ರೋಫಿ ಕೊಟ್ಟು ಕಳಿಸಿದ್ದರು. ಟ್ರೋಫಿಯೊಳಗೆ ಮಾದಕ ವಸ್ತು. ಮನೆಯವರು ಕೂಡಲೇ ಮುಂಬೈ ಪೊಲೀಸರ ಹತ್ತಿರ ಓಡಿದರು. ಕ್ರೈಂ ಬ್ರಾಂಚ್ ಇಬ್ಬರನ್ನು ಹಿಡಿಯಿತು. ಆಕೆ ನಾಲ್ಕು ವಾರದೊಳಗೆ ಜೈಲಿನಿಂದ ಹೊರಗೆ ಬಂದಳು. ಕತಾರ್ ದಂಪತಿಗೆ ಹಿಡಿದದ್ದು 21 ತಿಂಗಳು. ದೇಶ ಬೇರೆ, ಕಾನೂನು ಬೇರೆ, ಸಿಕ್ಕ ಪ್ರಮಾಣವೂ ಬೇರೆ, ಒಪ್ಪುತ್ತೇನೆ. ಆದರೂ ಊರಿನ ತನಿಖೆ ಎಷ್ಟು ಬೇಗ ಮುಗಿಯಿತು ಅನ್ನುವುದು ಇಲ್ಲಿ ಸಣ್ಣ ವಿಷಯ ಅಲ್ಲ. ಇನ್ನೊಂದು ಮಾತು. ಆ ನಟಿ ಜೈಲಿನಿಂದ ಬಂದದ್ದು ಏಪ್ರಿಲ್‌ನಲ್ಲಿ, ಮುಂಬೈಗೆ ಬಂದದ್ದು ಆಗಸ್ಟ್‌ನಲ್ಲಿ. ಪ್ರಕರಣ ಪೂರ್ತಿ ಮುಗಿಯುವ ತನಕ ದೇಶ ಬಿಡುವಂತಿಲ್ಲ ಅಂತ ಪ್ರಯಾಣ ನಿರ್ಬಂಧ ಹಾಕುತ್ತಾರೆ. ‘ಬಿಟ್ಟರಂತೆ’ ಅಂತ ಸುದ್ದಿ ಬಂದ ದಿನವೇ ಟಿಕೆಟ್ ಮಾಡಿಸಿ ದುಡ್ಡು ಕಳೆದುಕೊಳ್ಳಬೇಡಿ.

ಈಗ ದೂರಿನ ವಿಷಯ. ದೂರನ್ನು ಅಮ್ಮ ಬರೆದರೆ ಒಳ್ಳೆಯದು, ಯಾಕೆಂದರೆ ಚೀಲ ಕೈಗೆ ತೆಗೆದುಕೊಂಡವರು, ಡಬ್ಬಿ ತೆಗೆದಿಟ್ಟವರು ಅವರು. ಕಣ್ಣೀರು, ಬೈಗುಳ ಏನೂ ಬೇಡ. ಯಾವ ದಿನ, ಎಷ್ಟು ಹೊತ್ತಿಗೆ, ಯಾರು ಬಂದರು, ಯಾವ ಮಾತು ಆಡಿದರು, ಆಗ ಮನೆಯಲ್ಲಿ ಮತ್ತೆ ಯಾರಿದ್ದರು, ದುಬೈನಲ್ಲಿ ಯಾರಿಗೆ ಕೊಡಬೇಕು ಅಂದರು, ಆ ಹುಡುಗನ ನಂಬರ್ ಕೊಟ್ಟರೇ — ಇಷ್ಟನ್ನು ನಡೆದ ಹಾಗೆ ಬರೆಯಿರಿ. ಗೊತ್ತಿಲ್ಲದ್ದನ್ನು ಊಹೆ ಮಾಡಿ ಸೇರಿಸಬೇಡಿ. ಡಬ್ಬಿ ತೆಗೆದಿಟ್ಟದ್ದು ಅಮ್ಮನ ಕೈ ಅಂತ ಬರೆಯಲು ಹೆದರಬೇಡಿ. ಅದನ್ನು ಮುಚ್ಚಿಟ್ಟು, ಆಮೇಲೆ ಅಲ್ಲಿ ತಮ್ಮನ ಹೇಳಿಕೆಯಲ್ಲಿ ಬೇರೆ ಬಂದರೆ ಎರಡೂ ಕಾಗದ ಒಂದನ್ನೊಂದು ಹೊಡೆದುಹಾಕುತ್ತವೆ.

ಠಾಣೆಯಲ್ಲಿ ‘ಇದು ನಮ್ಮ ವ್ಯಾಪ್ತಿಗೆ ಬರಲ್ಲ’ ಅನ್ನಬಹುದು. ಬರುತ್ತದೆ. ಮೋಸ ಮಾಡಿ ಚೀಲ ಕೊಟ್ಟದ್ದು ನಿಮ್ಮ ಮನೆ ಬಾಗಿಲಲ್ಲಿ. ಮಾದಕ ವಸ್ತು ಕಾಯ್ದೆಯಲ್ಲಿ ಸಂಚು, ಪ್ರಚೋದನೆಗೆ 29ನೇ ಕಲಂ ಇದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ವ್ಯಾಪ್ತಿ ಯಾವುದೇ ಇರಲಿ, ಗಂಭೀರ ಅಪರಾಧದ ದೂರನ್ನು ಯಾವ ಠಾಣೆಯಾದರೂ ತೆಗೆದುಕೊಳ್ಳಬೇಕು. ಆಗಲೂ ತೆಗೆದುಕೊಳ್ಳದಿದ್ದರೆ ಜಗಳ ಬೇಡ. ಅದೇ ದೂರನ್ನು ಎಸ್ಪಿಯವರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಆಗದಿದ್ದರೆ 175ನೇ ಕಲಂ ಕೆಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹೋಗಬಹುದು, ಊರಿನ ಯಾವ ವಕೀಲರಾದರೂ ಮಾಡಿಕೊಡುತ್ತಾರೆ. ಒಂದು ಪ್ರತಿಯನ್ನು ಬೆಂಗಳೂರಿನ ಎನ್‌ಸಿಬಿ ವಲಯ ಕಚೇರಿಗೂ ಕಳಿಸಿ. ದೂರು ಬಂದಿದೆ ಅಂತ ಬರೆದ ಬರೀ ಹಿಂಬರಹ ಕೊಟ್ಟು ಕಳಿಸಿದರೆ ತೃಪ್ತಿಪಡಬೇಡಿ, ನಿಮಗೆ ಬೇಕಾದ್ದು ಎಫ್ಐಆರ್.

ತಡವಾದರೆ ಏನಾಗುತ್ತದೆ ಅನ್ನುವುದಕ್ಕೆ ನಮ್ಮ ಕರಾವಳಿಯಲ್ಲೇ ಎರಡು ಉದಾಹರಣೆ ಇವೆ. ಎರಡೂ ಸೌದಿಯವು, ಎರಡೂ ಫೇಸ್‌ಬುಕ್ಕಿನವು. ಉಡುಪಿ ಜಿಲ್ಲೆಯ ಒಬ್ಬ ಕೆಲಸಗಾರನ ಹೆಸರಿನಲ್ಲಿ ಯಾರೋ ನಕಲಿ ಖಾತೆ ತೆರೆದು ಮೆಕ್ಕಾ ಬಗ್ಗೆ, ಅಲ್ಲಿನ ಯುವರಾಜರ ಬಗ್ಗೆ ಕೆಟ್ಟದಾಗಿ ಬರೆದರು. 2019ರ ಡಿಸೆಂಬರ್‌ನಲ್ಲಿ ಆ ಕೆಲಸಗಾರ ಜೈಲು ಸೇರಿದರು. ಹೆಂಡತಿ ಉಡುಪಿಯಲ್ಲಿ ಆಗಲೇ ದೂರು ಕೊಟ್ಟರು. ಪೊಲೀಸರು ಆ ಖಾತೆಯ ಜಾಡು ಹಿಡಿದು 2020ರ ಅಕ್ಟೋಬರ್‌ನಲ್ಲಿ ಪಕ್ಕದ ಜಿಲ್ಲೆಯ ಇಬ್ಬರನ್ನು ಬಂಧಿಸಿದರು. 2021ರ ಆಗಸ್ಟ್‌ನಲ್ಲಿ ಆ ಕೆಲಸಗಾರ ಮನೆಗೆ ಬಂದರು. ಮಂಗಳೂರಿನ ಇನ್ನೊಬ್ಬರದ್ದೂ ಇಂಥದೇ ನಕಲಿ ಖಾತೆಯ ದೂರು. ಆದರೆ ಇಲ್ಲಿ ತನಿಖೆ ಎಳೆಯುತ್ತ ಹೋಯಿತು, ಅಲ್ಲಿ 15 ವರ್ಷ ಶಿಕ್ಷೆಯಾಯಿತು. ಹೆಂಡತಿ ಹೈಕೋರ್ಟಿಗೆ ಹೋದರು. 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಎಷ್ಟು ಸಿಟ್ಟಾಯಿತು ಅಂದರೆ, ಪೊಲೀಸರಿಗೆ ಸಹಕರಿಸದಿದ್ದರೆ ಭಾರತದಲ್ಲಿ ಫೇಸ್‌ಬುಕ್ ಚಟುವಟಿಕೆಯನ್ನೇ ನಿಲ್ಲಿಸುವ ಬಗ್ಗೆ ಯೋಚಿಸಬೇಕಾಗುತ್ತದೆ ಅಂತ ಎಚ್ಚರಿಸಿತು. ಇಲ್ಲಿನ ತನಿಖೆ ನಿಂತರೆ ನಿಮಗೂ ಆ ದಾರಿ ಇದೆ, ಧಾರವಾಡ ಪೀಠ ನಿಮಗೆ ಹತ್ತಿರ.

ಇಲ್ಲಿ ಎಫ್ಐಆರ್ ಆಗುವಾಗಲೇ ಅಲ್ಲಿನ ಕೆಲಸವೂ ಶುರುವಾಗಬೇಕು. ದುಬೈ, ಶಾರ್ಜಾ ಮತ್ತು ಉತ್ತರದ ಎಮಿರೇಟ್‌ಗಳಿಗೆ ದುಬೈನ ಭಾರತೀಯ ಕಾನ್ಸುಲೇಟ್. ಅಬುಧಾಬಿಯ ರಾಯಭಾರ ಕಚೇರಿಗೆ ಬರೆದರೆ ಅದು ಮತ್ತೆ ದುಬೈಗೇ ಬರಬೇಕು, ಸುಮ್ನೆ ದಿನ ಹಾಳು. ವಿದೇಶಾಂಗ ಸಚಿವಾಲಯದ ‘ಮದದ್’ ಅನ್ನುವ ಜಾಲತಾಣ 2015ರಿಂದ ಇದೆ. ಅದರಲ್ಲಿ ಪಾಸ್‌ಪೋರ್ಟ್ ನಂಬರ್ ಹಾಕಿ ದೂರು ದಾಖಲಿಸಿ. ಒಂದು ಸಂಖ್ಯೆ ಸಿಗುತ್ತದೆ. ಇನ್ನು ಮುಂದೆ ಸಂಸದರಿಗೆ ಬರೆದರೂ, ಬೆಂಗಳೂರಿನ ಅನಿವಾಸಿ ಭಾರತೀಯ ಸಮಿತಿಗೆ ಬರೆದರೂ ಆ ಸಂಖ್ಯೆ ಮೇಲೆ ಇರಲಿ. ಸಂಸದರ ಲೆಟರ್‌ಹೆಡ್ಡಿಗೆ ಬೆಲೆ ಇದೆ, ಇಲ್ಲ ಅನ್ನಲ್ಲ. ಆದರೆ ‘ನಮ್ಮ ಕ್ಷೇತ್ರದ ಹುಡುಗನಿಗೆ ಸಹಾಯ ಮಾಡಿ’ ಅನ್ನುವ ಪತ್ರಕ್ಕಿಂತ ‘ಈ ಸಂಖ್ಯೆಯ ದೂರಿಗೆ ಸಂಬಂಧಿಸಿ ಈ ಎಫ್ಐಆರ್ ಪ್ರತಿಯನ್ನು ಅಲ್ಲಿನ ಪ್ರಾಸಿಕ್ಯೂಷನ್‌ಗೆ ತಲುಪಿಸಿ’ ಅನ್ನುವ ಪತ್ರ ಬೇಗ ಓಡುತ್ತದೆ.

ಕಾನ್ಸುಲೇಟ್ ಅಧಿಕಾರಿಗೆ ನಿಮ್ಮ ತಮ್ಮನನ್ನು ಭೇಟಿ ಮಾಡುವ, ಪತ್ರ ಬರೆಯುವ, ವಕೀಲರನ್ನು ಗೊತ್ತುಮಾಡಿಕೊಡುವ ಹಕ್ಕಿದೆ. 1963ರ ವಿಯೆನ್ನಾ ಒಪ್ಪಂದದ 36ನೇ ವಿಧಿ ಅದನ್ನು ಕೊಟ್ಟಿದೆ. ಪಾಕಿಸ್ತಾನ ಬಂಧಿಸಿದ ಭಾರತೀಯ ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಆ ದೇಶ ಮುರಿದದ್ದು ಇದೇ ವಿಧಿಯನ್ನು ಅಂತ 2019ರ ಜುಲೈ 17ರಂದು ಅಂತರರಾಷ್ಟ್ರೀಯ ನ್ಯಾಯಾಲಯ ಹೇಳಿತು. ಆದರೆ ಒಂದು ಸಣ್ಣ ಕೊಕ್ಕೆ ಇದೆ. ಬಂಧಿತ ಬಾಯಿಬಿಟ್ಟು ಕೇಳಬೇಕು. ‘ನಮ್ಮ ಕಾನ್ಸುಲೇಟಿಗೆ ತಿಳಿಸಿ, ನನ್ನ ವಿವರ ಮನೆಯವರಿಗೆ ಹೇಳಲು ನನ್ನ ಒಪ್ಪಿಗೆ ಇದೆ’ ಅಂತ ಅವನೇ ಹೇಳಬೇಕು. ಎಷ್ಟೋ ಹುಡುಗರು ಮರ್ಯಾದೆಗೆ ಹೆದರಿ ‘ಮನೆಗೆ ಹೇಳಬೇಡಿ’ ಅಂದುಬಿಡುತ್ತಾರೆ. ಆಗ ಅಧಿಕಾರಿಯ ಬಾಯಿ ಕಟ್ಟಿದ ಹಾಗೆ. ಮನೆಯವರು ‘ಎಂಬೆಸಿಯವರು ಏನೂ ಹೇಳಲ್ಲ’ ಅಂತ ಬೈಯುತ್ತಿರುತ್ತಾರೆ.

ಹಾಗಾಗಿ ಅವನ ಮುಂದಿನ ಫೋನ್ ಬಹಳ ಮುಖ್ಯ. ಜೈಲಿನಿಂದ ಕರೆ ಯಾವುದೋ ನಂಬರಿನಿಂದ, ಯಾವುದೋ ಹೊತ್ತಿನಲ್ಲಿ ಬರುತ್ತದೆ, ಕೆಲವೇ ನಿಮಿಷ ಇರುತ್ತದೆ. ಒಂದು ಮನೆಯಲ್ಲಿ ನಾನು ಎದುರಿಗೇ ಕೂತಿದ್ದಾಗ ಹಾಗೆ ಕರೆ ಬಂತು. ಅಮ್ಮ ಫೋನ್ ತೆಗೆದುಕೊಂಡು ‘ಊಟ ಮಾಡಿದ್ಯಾ ಮಗಾ’ ಅಂದರು. ಆ ಕಡೆಯಿಂದ ಅಳು, ಈ ಕಡೆಯಿಂದ ಅಳು. ಕಾರ್ಡಿನ ದುಡ್ಡು ಮುಗಿದು ಕರೆ ಕಟ್ಟಾಯಿತು. ನನಗೆ ಬೇಕಿದ್ದ ಕೇಸ್ ನಂಬರ್ ಸಿಕ್ಕಿದ್ದು ಅದಾಗಿ 11 ದಿನದ ಮೇಲೆ. ಅಮ್ಮನನ್ನು ತಪ್ಪು ಅನ್ನೋಕಾಗುತ್ತಾ? ಆದರೂ ನೀವು ಫೋನ್ ಪಕ್ಕ ಒಂದು ನೋಟ್‌ಬುಕ್ಕು, ಪೆನ್ನು ಇಡಿ. ಕರೆ ರೆಕಾರ್ಡ್ ಆಗುವ ಹಾಗೆ ಮಾಡಿ ಕೂರಬೇಡಿ, ಬರೆದುಕೊಂಡರೆ ಸಾಕು. ಕೇಸ್ ನಂಬರ್, ಯಾವ ಠಾಣೆ ಅಥವಾ ಜೈಲು, ಮುಂದಿನ ತಾರೀಖು, ಯಾವುದಕ್ಕಾದರೂ ಸಹಿ ಹಾಕಿದನೇ ಅನ್ನುವುದು. ಕೊನೆಯ ಅರ್ಧ ನಿಮಿಷ ಅಮ್ಮನಿಗೆ ಬಿಡಿ.

ಸಹಿ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅಲ್ಲಿ ತನಿಖೆಯ ಕಾಗದ, ಕೋರ್ಟಿನ ಕಾಗದ ಎಲ್ಲ ಅರಬ್ಬಿಯಲ್ಲಿ. ಪೊಲೀಸರ ನಂತರ ಫೈಲು ಪಬ್ಲಿಕ್ ಪ್ರಾಸಿಕ್ಯೂಷನ್‌ಗೆ ಹೋಗುತ್ತದೆ, ಅಲ್ಲಿ ಕೆಲಸ ಮಾಡುವ ನಮ್ಮವರು ಅದನ್ನು ‘ನಿಯಾಬಾ’ ಅಂತಾರೆ. ಅಲ್ಲಿ ದುಭಾಷಿ ಇರುತ್ತಾರೆ. ಆದರೆ ಕನ್ನಡದವರು ಸಿಗುವುದು ಅಪರೂಪ, ಹಿಂದಿ ಅಥವಾ ಮಲಯಾಳಂ ಇರುತ್ತದೆ. ನಿಮ್ಮ ತಮ್ಮನಿಗೆ ಹಿಂದಿ ಅಷ್ಟಕ್ಕಷ್ಟೇ ಇದ್ದರೆ ‘ಚೀಲ ನನ್ನದಲ್ಲ, ಡಬ್ಬಿ ನಾನು ತಂದದ್ದು’ ಅಂದದ್ದು ಕೊನೆಗೆ ‘ನಾನು ತಂದದ್ದು’ ಅಂತಷ್ಟೇ ಉಳಿದುಬಿಡಬಹುದು. ಹೇಳಿಕೆಯನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ಓದಿ ಹೇಳಿದ ಮೇಲೇ ಸಹಿ ಅಂತ ಅವನಿಗೆ ತಿಳಿಸಿ. ಈಗಾಗಲೇ ಹಾಕಿದ್ದರೆ ವಕೀಲರಿಗೆ ಮೊದಲೇ ಹೇಳಲಿ.

ವಕೀಲರ ಬಗ್ಗೆ ಒಂದು ಎಚ್ಚರಿಕೆ. ದುಬೈನಲ್ಲಿ ‘ಲೀಗಲ್ ಕನ್ಸಲ್ಟೆಂಟ್’ ಅಂತ ಬೋರ್ಡ್ ಹಾಕಿರುವವರೆಲ್ಲ ಕೋರ್ಟಿನಲ್ಲಿ ನಿಂತು ವಾದ ಮಾಡುವ ಹಾಗಿಲ್ಲ. ಅದಕ್ಕೆ ಅಲ್ಲಿ ನೋಂದಣಿಯಾದ ಅಡ್ವೊಕೇಟ್ ಬೇಕು. ಕಾನ್ಸುಲೇಟಿನಲ್ಲಿ ವಕೀಲರ ಪಟ್ಟಿ ಇರುತ್ತದೆ, ಅದನ್ನು ಕೇಳಿ. ಫೀಸು ಕೊಡಲು ಆಗದಿದ್ದರೆ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಂತ ಒಂದು ನಿಧಿ ಇದೆ. 2009ರಲ್ಲಿ ಶುರುವಾದದ್ದು. ಕಷ್ಟದಲ್ಲಿರುವ ಅರ್ಹರಿಗೆ ಕಾನೂನು ನೆರವು, ಸಣ್ಣ ದಂಡ, ಊರಿಗೆ ಬರುವ ಟಿಕೆಟ್ ಅದರಿಂದ ಸಿಗುತ್ತದೆ. ತಾನಾಗಿ ಯಾರೂ ಕೊಡಲ್ಲ, ಅರ್ಜಿ ಹಾಕಬೇಕು. ವಕಾಲತ್ತಿಗೆ ತಮ್ಮನ ಸಹಿ ಬೇಕಾಗುತ್ತದೆ, ಅದನ್ನು ಜೈಲಿನೊಳಗಿಂದ ಮಾಡಿಸಿಕೊಡಿ ಅಂತ ಕಾನ್ಸುಲೇಟಿಗೆ ಬರೆಯಿರಿ. ಶಿಕ್ಷೆ ಅಂತ ಆದರೆ ಮೇಲ್ಮನವಿಗೆ ಸಿಗುವ ಅವಧಿ ಎರಡು ವಾರದ ಆಸುಪಾಸು. ತೀರ್ಪು ಬಂದ ಮೇಲೆ ವಕೀಲರನ್ನು ಹುಡುಕಲು ಹೊರಟರೆ ಮುಗಿಯಿತು.

ಇಲ್ಲಿನ ಎಫ್ಐಆರ್ ಕನ್ನಡದಲ್ಲಿರುತ್ತದೆ. ಅದನ್ನು ಹಾಗೇ ವಾಟ್ಸಾಪ್ ಮಾಡಿದರೆ ಅಲ್ಲಿನ ಕೋರ್ಟಿಗೆ ಅದು ಬರೀ ಚಿತ್ರ. ದೃಢೀಕೃತ ನಕಲು ತೆಗೆಸಿ, ಅನುವಾದ ಮಾಡಿಸಿ, ನೋಟರಿ, ರಾಜ್ಯ ಸರ್ಕಾರ, ವಿದೇಶಾಂಗ ಸಚಿವಾಲಯ ಹೀಗೆ ಒಂದೊಂದೇ ಮುದ್ರೆ ಬೀಳಬೇಕು. ಆಮೇಲೆ ಅಲ್ಲಿ ಪರವಾನಗಿ ಇರುವ ಅನುವಾದಕರಿಂದ ಅರಬ್ಬಿಗೆ. ಇದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಎರಡು ಸರ್ಕಾರಗಳ ನಡುವೆ ಕ್ರಿಮಿನಲ್ ವಿಷಯದಲ್ಲಿ ಕಾನೂನು ನೆರವಿನ ಒಪ್ಪಂದವೂ ಇದೆ, ಪೊಲೀಸರು ಆ ದಾರಿಯಲ್ಲಿ ಕಳಿಸಿದರೆ ಇನ್ನೂ ಗಟ್ಟಿ. ಎರಡೂ ನಡೆಯಲಿ.

ಆರು ಲಕ್ಷದವರಿಗೆ ಒಂದು ರೂಪಾಯಿಯೂ ಬೇಡ. ‘ಒಳಗೆ ನಮ್ಮವರಿದ್ದಾರೆ’ ಅನ್ನುವವನು ನಾಳೆ ‘ಇನ್ನೆರಡು ಲಕ್ಷ ಬೇಕಂತೆ’ ಅಂತಾನೆ. ಅದಕ್ಕಿಂತ ಕೆಟ್ಟದ್ದು, ಅಲ್ಲಿ ಲಂಚದ ಮಾತು ಬಂದರೆ ಅದೇ ಇನ್ನೊಂದು ಕೇಸು. ಅವನ ಮೆಸೇಜುಗಳನ್ನು ಅಳಿಸಬೇಡಿ, ಉತ್ತರವನ್ನೂ ಕೊಡಬೇಡಿ.

ಸೋದರಮಾವನಿಗೆ ನನ್ನ ಕಡೆಯಿಂದ ಹೇಳಿ, ಟಿವಿ ಸದ್ಯಕ್ಕೆ ಬೇಡ. ಯಾವಾಗಲೂ ಬೇಡ ಅಂತಲ್ಲ. ಇಲ್ಲಿನ ಪೊಲೀಸರು ದೂರು ತೆಗೆದುಕೊಳ್ಳದಿದ್ದರೆ ಸ್ಥಳೀಯ ಪತ್ರಿಕೆಯ ನಾಲ್ಕು ಸಾಲು ಸಹಾಯಕ್ಕೆ ಬರುತ್ತದೆ. ಆದರೆ ತನಿಖೆ ನಡೆಯುವಾಗ ಆ ದೇಶವನ್ನು ಬೈಯುವ ಚರ್ಚೆ, ಬಂಧುಗಳ ಫೇಸ್‌ಬುಕ್ ಪೋಸ್ಟು ನಿಮ್ಮ ತಮ್ಮನಿಗೆ ಒಳ್ಳೆಯದು ಮಾಡಲ್ಲ. ಚೀಲ ಕೊಟ್ಟವನೂ ಟಿವಿ ನೋಡುತ್ತಾನೆ, ಫೋನ್ ಬದಲಿಸುತ್ತಾನೆ. ಕತಾರ್‌ನಲ್ಲಿ ನಮ್ಮ 8 ಜನ ಮಾಜಿ ನೌಕಾಪಡೆಯವರಿಗೆ 2023ರ ಅಕ್ಟೋಬರ್‌ನಲ್ಲಿ ಮರಣದಂಡನೆಯಾಗಿತ್ತು. ಡಿಸೆಂಬರ್‌ನಲ್ಲಿ ಅದು ಕಡಿಮೆಯಾಯಿತು, 2024ರ ಫೆಬ್ರವರಿಯಲ್ಲಿ ಅವರ ಬಿಡುಗಡೆಯಾಯಿತು. ಆ ಅವಧಿಯಲ್ಲಿ ಸರ್ಕಾರ ಆರೋಪ ಏನು ಅಂತ ಕೂಡ ಬಹಿರಂಗವಾಗಿ ಹೇಳಲಿಲ್ಲ. ನಿಮ್ಮದು ಅಷ್ಟು ದೊಡ್ಡ ರಾಜತಾಂತ್ರಿಕ ವಿಷಯ ಅಲ್ಲ, ಆದರೂ ಬಾಯಿ ಮುಚ್ಚಿ ಕೆಲಸ ಮಾಡುವುದು ಕೆಲವು ಸಲ ಹೀಗೂ ನಡೆಯುತ್ತದೆ.

ಯಾರಾದರೂ ‘ಶಿಕ್ಷೆ ಆಗಲಿ, ಆಮೇಲೆ ಭಾರತದ ಜೈಲಿಗೆ ವರ್ಗ ಮಾಡಿಸೋಣ’ ಅನ್ನಬಹುದು. ಯುಎಇ ಜೊತೆ ಅಂಥ ಒಪ್ಪಂದ ಇದೆ, ನಮ್ಮಲ್ಲಿ 2003ರ ಕಾಯ್ದೆಯೂ ಇದೆ. ಆದರೆ ಅದರಲ್ಲಿ ಅವನು ತಪ್ಪಿತಸ್ಥನಾಗಿಯೇ ಬರುತ್ತಾನೆ, ಉಳಿದ ಶಿಕ್ಷೆ ಇಲ್ಲಿ ಕಳೆಯಬೇಕು. ಮೇಲ್ಮನವಿ ಬಾಕಿ ಇದ್ದರೆ ಅರ್ಜಿಯೂ ಹಾಕುವಂತಿಲ್ಲ. ಈದ್, ರಾಷ್ಟ್ರೀಯ ದಿನಕ್ಕೆ ಸಿಗುವ ಕ್ಷಮಾದಾನವೂ ಹಾಗೇ, ಬಿಡುಗಡೆ ಸಿಗುತ್ತದೆ, ಕಳಂಕ ಹೋಗುವುದಿಲ್ಲ. ಅವು ಕೊನೆಯ ದಾರಿಗಳು. ನಿರಪರಾಧಿ ಅಂತ ನಿಮಗೆ ಖಾತ್ರಿಯಿದ್ದರೆ ಈಗಲೇ ಆ ಕಡೆ ನೋಡಬೇಡಿ.

ಖಾತ್ರಿ ಅಂದೆ. ಬೇಜಾರು ಮಾಡಿಕೊಳ್ಳಬೇಡಿ, ಇದನ್ನು ಪ್ರತಿ ಮನೆಯವರಿಗೂ ಕೇಳ್ತೀನಿ. ಟಿಕೆಟ್ ಮಾಡಿಸಿದ್ದು ಯಾರು? ವೀಸಾಕ್ಕೆ ದುಡ್ಡು ಯಾರದು? ಚೀಲ ತಲುಪಿಸಿದ್ದಕ್ಕೆ ಅವನಿಗೆ ಏನಾದರೂ ಕೊಡುತ್ತೇನೆ ಅಂದಿದ್ದರೇ? ಉತ್ತರ ನಿಮಗೆ ಹಿಡಿಸದ್ದೇ ಇರಬಹುದು. ಅದನ್ನು ನಿಮ್ಮ ವಕೀಲರು ಮೊದಲು ನಿಮ್ಮಿಂದ ಕೇಳಲಿ, ಅಲ್ಲಿನ ಪ್ರಾಸಿಕ್ಯೂಟರ್ ಬಾಯಿಂದ ಅಲ್ಲ.

ಹೋಗಲಿ, ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಕೊಲ್ಲಿಗೆ ಹೋಗುವವರು ಬೇರೆಯವರ ಡಬ್ಬಿ ಮಾತ್ರ ಅಲ್ಲ, ನಮ್ಮದೇ ಡಬ್ಬಿಯನ್ನೂ ಒಮ್ಮೆ ನೋಡಬೇಕು. ಪಾಯಸಕ್ಕೆ ಅಂತ ಅಮ್ಮ ಇಟ್ಟ ಗಸಗಸೆ ಯುಎಇಯಲ್ಲಿ ನಿಷೇಧಿತ ವಸ್ತು.

ವಿದೇಶದ ಜೈಲುಗಳಲ್ಲಿ ವಿಚಾರಣೆಯಲ್ಲಿರುವವರೂ ಸೇರಿ 10 ಸಾವಿರಕ್ಕೂ ಹೆಚ್ಚು ಭಾರತೀಯರಿದ್ದಾರೆ ಅಂತ ಸರ್ಕಾರ 2025ರಲ್ಲಿ ಸಂಸತ್ತಿಗೆ ಹೇಳಿದೆ. ಅಷ್ಟು ಫೈಲುಗಳ ನಡುವೆ ನಿಮ್ಮ ತಮ್ಮನ ಫೈಲು ಮೇಲೆ ಬರುವುದು ಅದರೊಳಗೆ ಹೊಸ ಕಾಗದ ಬಂದಾಗ. ಆ ಕಾಗದವನ್ನು ಹುಟ್ಟಿಸಲು ನಿಮ್ಮ ಕೈಯಲ್ಲಿ ಈಗ ಏನಿದೆ ಗೊತ್ತಾ? ಅಮ್ಮನ ನೆನಪು, ಓಣಿಯಲ್ಲಿ ಯಾರದಾದರೂ ಮನೆಯ ಸಿಸಿಟಿವಿ, ತಮ್ಮ ಮತ್ತು ಆ ಪರಿಚಯದವರ ನಡುವಿನ ಫೋನ್ ಕರೆಗಳು, ಮತ್ತೆ ಆ ಕೈಚೀಲ. ಸಿಸಿಟಿವಿ ಹಳೆಯದು ಅಳಿಸಿ ಹೊಸದು ಕೂರುತ್ತಾ ಹೋಗುತ್ತದೆ, 19 ದಿನ ಆಗಲೇ ಆಗಿದೆ, ಇವತ್ತು ಸಂಜೆಯೇ ಆ ಮನೆಗಳಿಗೆ ಹೋಗಿ ಕೇಳಿ. ಕೈಚೀಲದಿಂದ ಈರುಳ್ಳಿಯನ್ನು ಮೆಲ್ಲಗೆ ಬುಟ್ಟಿಗೆ ಸುರಿಯಿರಿ. ತೊಳೆಯಬೇಡಿ, ಕೊಡವಬೇಡಿ. ಹಾಗೇ ಮಡಚದೆ ಒಂದು ದೊಡ್ಡ ಕಾಗದದ ಕವರಿನಲ್ಲಿಟ್ಟು ಬೀರುವಿನಲ್ಲಿ ಇಡಿ. ಬಟ್ಟೆ ಅಂಗಡಿಯ ಬಿಲ್ಲೇನಾದರೂ ಒಳಗೆ ಅಂಟಿಕೊಂಡಿದ್ದರೆ ಅದೂ ಅಲ್ಲೇ ಇರಲಿ. ಪೊಲೀಸರು ಮನೆಗೆ ಬಂದು, ಇಬ್ಬರು ಪಂಚರನ್ನು ಕೂರಿಸಿಕೊಂಡು, ಮಹಜರು ಬರೆದು ಅವರೇ ತೆಗೆದುಕೊಂಡು ಹೋಗಲಿ.